ಅಡಿಕೆ ಸುಲಿಯುವವರ ಸಿನಿಮಾ

ವರ್ಷದ ಹತ್ತು ಒಳ್ಳೆಯ ಸಿನಿಮಾ ಯಾವುವು ಅಂತ ಡಿಸೆಂಬರಿನಲ್ಲಿ ಯಾರಾದರೂ ಕೇಳಿದರೆ ನಾನು ಹುಷಾರಾಗುತ್ತೇನೆ. ಡಿಸೆಂಬರಿನ ಲೆಕ್ಕ ನಂಬುವ ಹಾಗಿಲ್ಲ. ‘ಮುಂಗಾರು ಮಳೆ’ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ಅಷ್ಟೊತ್ತಿಗೆ ಆ ವರ್ಷದ ಪಟ್ಟಿಗಳೆಲ್ಲ ಅಚ್ಚಾಗಿ, ಶೇಂಗಾ ಕಟ್ಟಲಿಕ್ಕೂ ಹೋಗಿರಬೇಕು. ಆಮೇಲೆ ಆ ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲೇ ವರ್ಷ ದಾಟಿ ಓಡಿತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಕೂಡ 1972ರ ಡಿಸೆಂಬರ್ ಮುಗಿಯುವ ಹೊತ್ತಿಗೇ ಬಂದದ್ದು. ಆ ವರ್ಷ ‘ಬಂಗಾರದ ಮನುಷ್ಯ’ ಬೇರೆ ಬಂದಿತ್ತು. ಅದನ್ನು ಮೊದಲನೇ ಸ್ಥಾನಕ್ಕೆ ಬರೆದು ನೆಮ್ಮದಿಯಾಗಿ ಮಲಗಿದವನ ಪಾಡು ನೆನೆಸಿಕೊಳ್ಳಿ.

ಈಗಿನ ಲೆಕ್ಕ ಇನ್ನೂ ವಿಚಿತ್ರ. ಎಷ್ಟು ಕೋಟಿ ಅನ್ನುವುದೇ ಮೊದಲ ಪ್ರಶ್ನೆ. ನಿರ್ಮಾಪಕರು ಕೇಳಿದರೆ ಸರಿ, ಅವರ ದುಡ್ಡು. ನಮ್ಮ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ತಮ್ಮ ಮನೆಗೇ ಬಂತೇನೋ ಅನ್ನುವ ಹಾಗೆ ಕೋಟಿ ಎಣಿಸುತ್ತಾರೆ. ಸೋಮವಾರ ಕಲೆಕ್ಷನ್ ಇಳಿಯಿತಂತೆ ಅಂತ ಒಬ್ಬ ಬೇಜಾರು ಮಾಡಿಕೊಳ್ಳುತ್ತಾನೆ. ವಿಚಾರಿಸಿದರೆ ಅವನು ಆ ಸಿನಿಮಾ ನೋಡಿರುವುದೇ ಇಲ್ಲ.

ಸಿನಿಮಾ ಗಟ್ಟಿಯೋ ಜೊಳ್ಳೋ ಅಂತ ನೋಡಲು ನಮ್ಮ ಕಡೆ ಬೇರೆ ಜಾಗ ಇದೆ. ಅದು ಅಡಿಕೆ ಸುಲಿಯುವ ಜಗಲಿ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ ಮರ ಹತ್ತುವ ಕೊನೆಗೌಡ ಹಗಲು ಕೊನೆ ಇಳಿಸುತ್ತಾನೆ. ಕೆಂಪಡಿಕೆ ಮಾಡುವ ಮನೆಯಲ್ಲಿ ಹಸಿ ಅಡಿಕೆ ಹೆಚ್ಚು ದಿನ ಇಡುವ ಹಾಗಿಲ್ಲ, ಬೇಗ ಸುಲಿದು ಬೇಯಿಸಬೇಕು. ಹಾಗಾಗಿ ರಾತ್ರಿ ಅಕ್ಕಪಕ್ಕದವರು ಬಂದು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಮಣೆ ಕಾಲಡಿಗೆ, ಅಲಗು ಎದುರಿಗೆ. ಅಡಿಕೆಯನ್ನು ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಬಿಟ್ಟು ಬರುತ್ತದೆ. ಕಣ್ಣು ಆಚೀಚೆ ಹೋದರೆ ಬೆರಳೂ ಜತೆಗೆ ಬರುತ್ತದೆ. ಮೊದಲೆಲ್ಲ ಅಲ್ಲಿ ಊರ ಸುದ್ದಿ, ಆಮೇಲೆ ಟೇಪ್‌ರೆಕಾರ್ಡರಿನಲ್ಲಿ ತಾಳಮದ್ದಳೆ. ಈಗ ಕಂಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಸಿನಿಮಾ.

ಸಿನಿಮಾ ಅಂದೆ, ಆದರೆ ಅದನ್ನು ನೋಡುವವರು ಯಾರೂ ಇಲ್ಲ. ಕಣ್ಣೆಲ್ಲ ಕತ್ತಿಯ ಮೇಲೆ, ಸಿನಿಮಾಕ್ಕೆ ಸಿಗುವುದು ಕಿವಿ ಮಾತ್ರ. ಕಾರು ಅಟ್ಟಿಸಿಕೊಂಡು ಹೋಗುವುದು, ನಾಯಕ ಧೂಳೆಬ್ಬಿಸಿ ನಿಧಾನ ನಡೆದು ಬರುವುದು, ಇದಕ್ಕೆಲ್ಲ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಬರೀ ಢಂ ಢಂ. ಐದು ನಿಮಿಷ ಆಗುವುದರೊಳಗೆ ಯಾರಾದರೂ ಹಿರಿಯ ಹೆಂಗಸು, ‘ತಮಾ, ಅದ್ನ ಬಂದ್ ಮಾಡು, ತಲೆ ಚಿಟ್ ಹಿಡೀತು’ ಅನ್ನುತ್ತಾಳೆ. ಅದೇ ‘ನಾಗರಹಾವು’ ಹಾಕಿ. ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಬಾಯಿ ತೆರೆದರೆ ಜಗಲಿ ಸುಮ್ಮನಾಗುತ್ತದೆ. ಮೇಷ್ಟ್ರು ಮುಂದೆ ಏನು ಹೇಳುತ್ತಾರೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಕಾಯುತ್ತಾರೆ.

ಗೊತ್ತಿದ್ದದ್ದನ್ನೇ ಮತ್ತೆ ನೋಡುವುದರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರನ್ನು ಮೀರಿಸುವವರು ಕಡಿಮೆ. ಭಸ್ಮಾಸುರ ಕೊನೆಗೆ ತನ್ನ ತಲೆ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆ ಅನ್ನುವುದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇದೆ ಅಂದರೆ ಜನ ಎಲ್ಲೆಲ್ಲಿಂದಲೋ ಬಂದು ಬೆಳಗಿನ ತನಕ ಕೂತಿರುತ್ತಿದ್ದರು. ಆ ಕೈ ತಲೆಯ ಹತ್ತಿರ ಹೋಗುವ ತನಕ ಚಿಟ್ಟಾಣಿ ಏನೇನು ಮಾಡುತ್ತಾರೆ ಅನ್ನುವುದಕ್ಕೆ ಟಿಕೆಟ್ಟು. ಈಗಿನ ಹುಡುಗರು ಯಾರೋ ಕಥೆ ಹೇಳಿಬಿಟ್ಟರೆಂದು ಮುಖ ಊದಿಸಿಕೊಳ್ಳುತ್ತಾರಲ್ವಾ? ಕಥೆ ಹೇಳಿದ ಕೂಡಲೇ ಕೆಟ್ಟುಹೋಗುವ ಸಿನಿಮಾ ಹೇಗೂ ಎರಡನೇ ಸಲಕ್ಕೆ ಬಾಳುವುದಿಲ್ಲ.

ಕಥೆ ಹಳತಾದ ಮೇಲೆ ಉಳಿಯುವವರು ಪಕ್ಕದ ಪಾತ್ರದವರು ಅಂತ ನನ್ನ ಗುಮಾನಿ. ‘ಮುಂಗಾರು ಮಳೆ’ಯ ನಾಯಕಿಗೆ ಮದುವೆ ಯಾರ ಜತೆ ಗೊತ್ತಾಗಿತ್ತು ಅಂತ ಕೇಳಿದರೆ ನಮ್ಮ ಮನೆಯವರು ತಡವರಿಸುತ್ತಾರೆ. ಮೊಲದ ಹೆಸರು ಕೇಳಿ, ದೇವದಾಸ ಅಂತ ಒಂದೇ ಉಸಿರಿಗೆ ಬರುತ್ತದೆ. ಹಾಡಿನ ವಿಷಯದಲ್ಲಂತೂ ನಮಗೆ ಸ್ವಲ್ಪ ಜಂಬ. ‘ಅನಿಸುತಿದೆ ಯಾಕೋ ಇಂದು’ ಬರೆದ ಜಯಂತ ಕಾಯ್ಕಿಣಿ ಗೋಕರ್ಣದವರು. ಆ ಸಿನಿಮಾದಲ್ಲಿ ಕಾಣುವ ಜೋಗವೂ ನಮ್ಮದೇ ಅನ್ನೋಣ ಅಂದರೆ ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರದವರು ಜಗಳಕ್ಕೆ ಬರುತ್ತಾರೆ.

ಈ ಲೆಕ್ಕಕ್ಕೆ ಸಿಗದ ಸಿನಿಮಾಗಳೂ ಇವೆ. ಸುನಿಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೇ’ಗೆ ನಮ್ಮ ಜಿಲ್ಲೆಯ ಯಾಣದಲ್ಲಿ ಚಿತ್ರೀಕರಣ ಆಗಿತ್ತು. ಆ ಕಪ್ಪು ಬಂಡೆಗಳನ್ನು ದೂರದೂರದವರು ಹುಡುಕಿಕೊಂಡು ಬರಲು ಶುರು ಮಾಡಿದ್ದು ಹೆಚ್ಚಾಗಿ ಅದರ ನಂತರ. ಭಸ್ಮಾಸುರ ಸುಟ್ಟುಹೋದದ್ದೂ ಅಲ್ಲೇ ಅನ್ನುತ್ತಾರೆ. ಈಗ ಕಾರು ನಿಲ್ಲಿಸಿ ಫೋಟೋ ಹೊಡೆಯುವ ಹುಡುಗರಿಗೆ ಸಿನಿಮಾದ ಹೆಸರೂ ಗೊತ್ತಿರುವುದಿಲ್ಲ. ಸಿನಿಮಾ ಮರೆತುಹೋಗಿ ದಾರಿ ಉಳಿಯಿತು. ದಾರಿಯ ಜತೆಗೆ ಚಿಪ್ಸ್ ಪ್ಯಾಕೆಟ್ಟುಗಳೂ.

ಇನ್ನು ಸಿನಿಮಾ ಉಳಿಯಬೇಕಾದರೆ ಮೊದಲು ಅದರ ರೀಲು ಉಳಿಯಬೇಕು. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಪುಣ್ಯ ಮಾಡಿತ್ತು, ಅದನ್ನು ರಿಪೇರಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

2025ರಲ್ಲಿ ಇನ್ನೊಬ್ಬಳು ಸುಲೋಚನ ಬಂದಳು, ಸೋಮೇಶ್ವರದವಳು. ಜೆ.ಪಿ. ತುಮಿನಾಡ್ ನಿರ್ದೇಶನದ ‘ಸು ಫ್ರಮ್ ಸೋ’ ಜುಲೈನಲ್ಲಿ ದೊಡ್ಡ ಸದ್ದಿಲ್ಲದೆ ಬಂತು, ನೋಡಿದವರ ಬಾಯಿಮಾತಿನಲ್ಲೇ ಟಾಕೀಸು ತುಂಬಿತು. ಅಕ್ಟೋಬರ್ 2ಕ್ಕೆ ರಿಷಬ್ ಶೆಟ್ಟಿಯವರ ‘ಕಾಂತಾರ ಅಧ್ಯಾಯ 1’ ಬಂದು ಕೋಟಿಯ ಲೆಕ್ಕವನ್ನೆಲ್ಲ ಬಾಚಿಕೊಂಡಿತು. ಟಾಕೀಸಿನಲ್ಲಿ ನಾನೂ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೇ ನೋಡಿದೆ. ಆದರೆ ಅದಕ್ಕೆ ದೊಡ್ಡ ಪರದೆ ಬೇಕು, ಕತ್ತಲೆ ಬೇಕು, ಎದೆ ನಡುಗಿಸುವ ಸ್ಪೀಕರ್ ಬೇಕು. ಅಂಗೈಯಗಲದ ಮೊಬೈಲಿನಲ್ಲಿ ಅಷ್ಟು ದೊಡ್ಡ ಯುದ್ಧ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ‘ಸು ಫ್ರಮ್ ಸೋ’ದಲ್ಲಿ ರವಿಯಣ್ಣ ಮಾತಾಡಿದರೆ ಹಾಗಲ್ಲ. ಸುಲಿಯುವವರು ತಲೆ ಎತ್ತದೆಯೇ ನಗುತ್ತಾರೆ. ಮಾತು ಮಂಗಳೂರಿನ ಕಡೆಯದು, ಆದರೆ ಅಂಥ ಅಣ್ಣ ನಮ್ಮ ಊರಿಗೂ ಒಬ್ಬ ಇದ್ದಾನೆ. ಬೇಡ ಅಂದರೂ ಮುಂದೆ ನಿಲ್ಲುವವನು.

ಹಾಗಾಗಿ ನನ್ನ ಪಂದ್ಯ ರವಿಯಣ್ಣನ ಮೇಲೆ. ಕುಮಟಾದ ಗೆಳೆಯ ಒಪ್ಪುವುದಿಲ್ಲ. ‘ಎಂತ ಮಾರಾಯ, ಜಗಲಿ ಮೇಲೆ ಕೂತು ಕಾಂತಾರಕ್ಕೆ ಮಾರ್ಕು ಹಾಕ್ತೀಯಾ?’ ಅನ್ನುತ್ತಾನೆ. 2035ರ ಕೊಯ್ಲಿನಲ್ಲಿ ಜನ ಎರಡರಲ್ಲಿ ಯಾವುದನ್ನು ಹಾಕಿಕೊಳ್ಳುತ್ತಾರೆ ನೋಡೋಣ ಅಂತ ಮಾತಾಗಿದೆ. ಸೋತವನು ಒಂದು ಕ್ವಿಂಟಾಲ್ ಕೆಂಪಡಿಕೆ ಕೊಡಬೇಕು ಅಂದ. ಈಗಿನ ರೇಟು ನೆನೆಸಿಕೊಂಡು ಒಂದು ಕೇಜಿಗೆ ಇಳಿಸಿದ್ದೇನೆ.