ಉದ್ಧರಣ ಚಿಹ್ನೆ ಮರೆತರೆ ಅವಳಿ ನಗರವೂ ಇಬ್ಭಾಗ

ಸಣ್ಣ ಶೆಲ್ ಸ್ಕ್ರಿಪ್ಟ್‌ಗಳಿಗೆ (ಕಂಪ್ಯೂಟರ್‌ಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತಗಳಿಗೆ) ಲಿಂಟರ್, ಅಂದರೆ ಬರೆದದ್ದರಲ್ಲಿ ತಪ್ಪು ಹುಡುಕುವ ಸಾಧನ, ಒಂದಿದ್ದರೆ ಸಾಕು, ಇನ್ನೊಬ್ಬರು ಕೂತು ಓದಬೇಕಾಗಿಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಹುಬ್ಬಳ್ಳಿಯ ಸಣ್ಣದೊಂದು ಕಚೇರಿಯ ಸರ್ವರ್ ನೋಡಿಕೊಳ್ಳುವವನು ನಾನು. ನಮ್ಮಲ್ಲಿ ಊರಿಗೊಂದು ಫೋಲ್ಡರ್: ‘ಹುಬ್ಬಳ್ಳಿ’, ‘ಧಾರವಾಡ’, ‘ಗದಗ’. ಯಾರೋ ಪ್ರಯೋಗಕ್ಕೆಂದು ‘ಹುಬ್ಬಳ್ಳಿ ಧಾರವಾಡ’ ಎಂದು ನಡುವೆ ಜಾಗ ಬಿಟ್ಟು ಮತ್ತೊಂದನ್ನು ಮಾಡಿದ್ದರು. ಅದನ್ನು ಅಳಿಸಲು ನಾನು ಬರೆದ ಸ್ಕ್ರಿಪ್ಟ್‌ನಲ್ಲಿ ಫೋಲ್ಡರ್‌ನ ಹೆಸರನ್ನು ಹಿಡಿದಿಟ್ಟ ವೇರಿಯಬಲ್ ಸುತ್ತ ಜೋಡಿ ಉದ್ಧರಣ ಚಿಹ್ನೆ ಇರಲಿಲ್ಲ. 1962ರಲ್ಲಿ ಒಂದೇ ಪಾಲಿಕೆಯಾದ ಅವಳಿ ನಗರವನ್ನು, ಸ್ಕ್ರಿಪ್ಟ್ ಓಡಿಸುವ ಶೆಲ್ ಆದ ಬ್ಯಾಶ್ ಎರಡು ಪದಗಳಾಗಿ ಸೀಳಿ, ಅಸಲಿ ಫೋಲ್ಡರ್‌ಗಳೆರಡನ್ನೂ ತುಟಿಪಿಟಕ್ಕೆನ್ನದೆ ಅಳಿಸಿಹಾಕಿತು. ಅಳಿಸಬೇಕಾದದ್ದು ಮಾತ್ರ ಹಾಗೆಯೇ ಕುಳಿತಿತ್ತು! ಶೆಲ್‌ಚೆಕ್ ಎಂಬ ಲಿಂಟರ್ ಓಡಿಸಿದ್ದರೆ, ಉದ್ಧರಣ ಚಿಹ್ನೆ ಹಾಕಿ ಎನ್ನುವ ಎಸ್‌ಸಿ2086 ಎಂಬ ಎಚ್ಚರಿಕೆ ಆ ಸಾಲಿನ ಕೆಳಗೇ ಕಾಣುತ್ತಿತ್ತು. ಅಲ್ಲಿಯವರೆಗೆ ಲೇಖಕರು ಹೇಳಿದ್ದು ಸರಿ.

ಆದರೆ ಮುಂದೆ ಬರೆದ ಬ್ಯಾಕಪ್ ಸ್ಕ್ರಿಪ್ಟ್‌ಗೆ ಶೆಲ್‌ಚೆಕ್ ಒಂದು ತಕರಾರನ್ನೂ ಎತ್ತಲಿಲ್ಲ. ಏಳು ದಿನಕ್ಕಿಂತ ಹಳೆಯ ಪ್ರತಿಗಳನ್ನು ಅಳಿಸುವುದು ಅದರ ಕೆಲಸ. ದಿನವೂ ಧಾರವಾಡದಿಂದ ಬಂದುಹೋಗುವ ಸಹೋದ್ಯೋಗಿಯೊಬ್ಬರು ಓದಿ, "ಸರ್, ಹತ್ತು ದಿನ ಹೊಸ ಬ್ಯಾಕಪ್ ಆಗದೇ ಹೋದರೆ ಇದು ಇದ್ದದ್ದನ್ನೂ ಅಳಿಸುತ್ತದಲ್ಲ?" ಎಂದು ಕೇಳಿದರು. ಹೌದು, ಅಳಿಸುತ್ತಿತ್ತು. ವ್ಯಾಕರಣ ಶುದ್ಧ, ಲೆಕ್ಕಾಚಾರವೇ ತಪ್ಪು. ಈಗ ಹೊಸ ಪ್ರತಿ ಇದೆಯೇ, ಅದರ ಗಾತ್ರ ಸೊನ್ನೆಯಲ್ಲ ತಾನೇ ಎಂದು ನೋಡಿದ ಮೇಲೆಯೇ ಅದು ಹಳೆಯದಕ್ಕೆ ಕೈ ಹಾಕುತ್ತದೆ.

ಅಂದ ಹಾಗೆ, ಕಿರಿಕಿರಿ ಎಂದು ಶೆಲ್‌ಚೆಕ್‌ನ ಬಾಯಿ ಮುಚ್ಚಿಸುವ ‘ಡಿಸೇಬಲ್’ ಸಾಲು ಬರೆಯುವವರು ಕಾರಣವನ್ನೂ ಬರೆಯಲಿ. ಕಾರಣವಿಲ್ಲದ್ದನ್ನು ನಾವು ರಿವ್ಯೂನಲ್ಲಿ ವಾಪಸ್ ಕಳಿಸುತ್ತೇವೆ.