ಹಾಸಿಗೆಯ ತಪ್ಪಿಗೆ ಬಾಳೆಹಣ್ಣಿಗೆ ಬರೆ

ಮಗುವಿಗೆ ಸೀನು, ಉಬ್ಬಸ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಬಂದ್ ಆಗುವುದು ಬಾಳೆಹಣ್ಣು. ಆಮೇಲೆ ಮೊಸರು, ಸೀಬೆಹಣ್ಣು. ಐಸ್‌ಕ್ರೀಮಂತೂ ಕೇಳುವುದೇ ಬೇಡ. ಮಲಗುವ ಹಾಸಿಗೆ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲ್ಲ.

ನನ್ನ ಅಕ್ಕನ ಮಗ ಮೊಸರನ್ನದ ರುಚಿಯನ್ನೇ ಮರೆತಿದ್ದ. ಆದರೂ ಬೆಳಗ್ಗೆ ಎದ್ದ ತಕ್ಷಣ ಸಾಲು ಸಾಲು ಸೀನು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಒಂದು ಅಡ್ಡಗೆರೆಯೇ ಮೂಡಿತ್ತು. ಡಾಕ್ಟರ್ ಆ ಗೆರೆ ನೋಡಿ ಕೇಳಿದ್ದು, "ಇವನ ದಿಂಬು ಎಷ್ಟು ಹಳೇದು?" ಅಂತ. ಅಲರ್ಜಿ ಯಾವುದರಿಂದ ಅಂತ ತಿಳಿಯಲು ಮುಂಗೈ ಮೇಲೆ ಬೇರೆ ಬೇರೆ ಸಾರದ ಹನಿ ಹಾಕಿ ಚುಚ್ಚಿ ನೋಡಿದಾಗ, ಡಸ್ಟ್ ಮೈಟ್ ಹನಿ ಇದ್ದ ಕಡೆ ಸೊಳ್ಳೆ ಕಚ್ಚಿದಂಥ ದದ್ದು ಎದ್ದಿತು. ಜಿರಳೆ ಹನಿಗೂ ಸಣ್ಣದೊಂದು.

ಡಸ್ಟ್ ಮೈಟ್ ಅಂದರೆ ಕಣ್ಣಿಗೆ ಬೀಳದಷ್ಟು ಪುಟ್ಟ ಹುಳ, ಸುಮಾರು 0.3 ಮಿ.ಮೀ. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದುಕೊಂಡು ದಿಂಬು, ಸೋಫಾ, ಬಟ್ಟೆ ಗೊಂಬೆಗಳಲ್ಲಿ ಬದುಕುತ್ತದೆ. ಕಾಟ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಮನೆ ಧೂಳಿನ ಅಲರ್ಜಿಗೆ ಇದೇ ಕಾರಣ ಅಂತ 1960ರ ದಶಕದಲ್ಲೇ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಂಡುಕೊಂಡರು. ಈ ಹುಳ ನೀರು ಕುಡಿಯಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತೆ. ಹಾಗಾಗಿ ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಅದಕ್ಕೆ ಹಬ್ಬ. ಗೋಡೆಯ ಬೂಷ್ಟು ಬೇರೆ ಜೊತೆಗೆ.

ನೆಲ ಎರಡು ಹೊತ್ತು ಒರೆಸುವ ನಾವು ಹಾಸಿಗೆಯನ್ನು ವರ್ಷಗಟ್ಟಲೆ ಮುಟ್ಟಲ್ಲ. ಬಿಸಿಲಿಗೆ ಹಾಕುವುದು ಒಳ್ಳೆಯದೇ. ಆದರೆ ಹುಳ ಸತ್ತರೂ ಹಿಕ್ಕೆ ಅಲ್ಲೇ ಇರುತ್ತೆ, ಅಲ್ವಾ? ದಿಂಬಿನ ಕವರ್, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಬೇಕು. ಹಾಸಿಗೆಗೆ, ದಿಂಬಿಗೆ ಒತ್ತಾದ ನೇಯ್ಗೆಯ ಜಿಪ್ ಕವರ್ ಹಾಕಬೇಕು. ಗುಡಿಸುವುದು, ಹಾಸಿಗೆ ಕೊಡವುವುದು ಮಗು ಹೊರಗಿದ್ದಾಗ. ಜಿರಳೆಗೆ ಸ್ಪ್ರೇ ಹೊಡೆದರೆ ಆ ವಾಸನೆಗೇ ಮಗು ಕೆಮ್ಮುತ್ತೆ, ಜೆಲ್ ವಾಸಿ.

ಇನ್ನು ಸಂಜೆಯಾದರೆ ಕಿಟಕಿ ಹಾಕಿ ಅಗರಬತ್ತಿ, ಧೂಪ, ಸೊಳ್ಳೆ ಕಾಯಿಲ್. ಹೊಗೆ ಅಲರ್ಜಿಯಲ್ಲ ನಿಜ, ಆದರೆ ಮೊದಲೇ ಕೆರಳಿದ ಶ್ವಾಸನಾಳಕ್ಕೆ ಅದೂ ಸಾಕು. ದೇವರು ಹೊಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಇಷ್ಟೆಲ್ಲ ಮಾಡಿದೆವು ಅಂತ ಇನ್‌ಹೇಲರ್ ನಿಲ್ಲಿಸುವ ಹಾಗಿಲ್ಲ. ಡಾಕ್ಟರ್ ಹೇಳುವವರೆಗೂ ಅದು ನಡೀಲೇಬೇಕು. "ಪಂಪ್ ಅಭ್ಯಾಸ ಆಗಿಬಿಡುತ್ತೆ ಕಣಮ್ಮ" ಅನ್ನುವ ಪಕ್ಕದ ಮನೆಯವರಿಗೆ ಉತ್ತರ ಕೊಡುವುದನ್ನೇ ನಮ್ಮಕ್ಕ ಬಿಟ್ಟಿದ್ದಾಳೆ.