ಹಳೇ ದಂಡಿನ ಕಡತ ನೋಡೋಕೆ ಲಂಡನ್ನಿಗೇ ಬರಬೇಕಾ?

ಲಂಡನ್ನಿನ ಕ್ಯೂ ಬಡಾವಣೆಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ, ಅಂದರೆ ಹಳೇ ಸರ್ಕಾರಿ ಕಡತಗಳನ್ನು ಕಾಪಾಡೋ ಜಾಗ ಇದೆ. ಅಲ್ಲಿ ನನ್ನನ್ನು ಯಾರೂ ‘ಇದೆಲ್ಲ ನಿಮಗ್ಯಾಕೆ?’ ಅಂತ ಕೇಳಲಿಲ್ಲ. ಎರಡು ಗುರುತಿನ ದಾಖಲೆ ತೋರಿಸಿದೆ, ಓದುಗರ ಕಾರ್ಡ್ ಕೊಟ್ಟರು, ಅದೂ ಪುಕ್ಕಟೆ. ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಆದರೆ ಸರಿ. ನನಗೆ ಬೇಕಿದ್ದದ್ದು ಮೊದಲ ಮಹಾಯುದ್ಧದ ಪಡೆಗಳ ದಿನಚರಿ, ಅಂದರೆ ಪಡೆಯ ಅಧಿಕಾರಿಗಳು ದಿನದಿನವೂ ಬರೆದಿಟ್ಟ ವರದಿ. ಅವೆಲ್ಲ ಡಬ್ಲ್ಯೂಒ 95 ಅನ್ನೋ ಸರಣಿಯಲ್ಲಿವೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ನಮ್ಮ ಮೈಸೂರು ಸಂಸ್ಥಾನದ ಕುದುರೆ ದಂಡು ಮೈಸೂರು ಲ್ಯಾನ್ಸರ್ಸ್ ಈಗಿನ ಇಸ್ರೇಲಿನ ಹೈಫಾ ಗೆದ್ದರಲ್ಲ, ಆ 15ನೇ ಬ್ರಿಗೇಡಿನದನ್ನು ಕೇಳಿದೆ. ಊರು, ತಾರೀಖು, ಹೊತ್ತು, ನಡೆದದ್ದು ಅಂತ ಅಂಕಣ ಹಾಕಿದ ಹಳದಿ ಬಣ್ಣಕ್ಕೆ ತಿರುಗಿದ ಹಾಳೆಗಳು. ಫೋನಿನಲ್ಲಿ ಫೋಟೋ ತೆಗೆದುಕೊಂಡೆ, ಅದಕ್ಕೂ ದುಡ್ಡಿಲ್ಲ.

ಖುಷಿಯ ಜೊತೆಗೇ ಹೊಟ್ಟೆ ಉರಿಯಿತು. ಊರಿಗೆ ಹೋದಾಗ ಇದೇ ಲ್ಯಾನ್ಸರ್ಸ್ ಬಗ್ಗೆ ಓದೋಣ ಅಂತ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಯಾವ ಕಾಲೇಜು, ಯಾರು ಕಳಿಸಿದ್ದು, ಲೆಟರ್ ತಂದಿದ್ದೀರಾ ಅಂತ ಗುಮಾಸ್ತರು ಕೇಳಿದರು. ಸುಮ್ನೆ ಓದೋಕೆ ಸಾರ್ ಅಂದೆ. ಸಾಹೇಬ್ರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ ಅಂದರು. ಮಿಲಿಟರಿ ವಿಷಯ ಅಂದ ಕೂಡಲೇ ಗುಮಾನಿ ಬೇರೆ. ನೂರು ವರ್ಷದ ಹಿಂದಿನ ಕುದುರೆ ದಂಡಿನಲ್ಲಿ ಎಂಥ ಗುಟ್ಟಿರುತ್ತೆ ಹೇಳಿ?

ಗುಮಾಸ್ತರನ್ನಷ್ಟೇ ಬೈದು ಪ್ರಯೋಜನವಿಲ್ಲ ಬಿಡಿ, ದೆಹಲಿಯದೂ ಅದೇ ಬುದ್ಧಿ. ಚೀನಾ ಜೊತೆಗಿನ 1962ರ ಯುದ್ಧದ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿ 1963ರಲ್ಲೇ ಸಿದ್ಧವಾಯಿತು, ಸರ್ಕಾರ ಪ್ರಕಟಿಸಲೇ ಇಲ್ಲ. 2014ರಲ್ಲಿ ಅದರ ಒಂದು ಭಾಗ ಇಂಟರ್ನೆಟ್ಟಿನಲ್ಲಿ ಸಿಕ್ಕಿತು, ಹಾಕಿದ್ದು ನೆವಿಲ್ ಮ್ಯಾಕ್ಸ್‌ವೆಲ್ ಅನ್ನೋ ವಿದೇಶಿ ಪತ್ರಕರ್ತ. ಕೊಡಗಿನಲ್ಲಿ ಮನೆಮನೆಯಿಂದ ಸೇನೆಗೆ ಹೋಗಿದ್ದಾರೆ. ತಾತ ಎಲ್ಲಿ, ಯಾವ ಪಡೆಯಲ್ಲಿ ಕಾದಿದರು ಅಂತ ಮೊಮ್ಮಗಳಿಗೆ ತಿಳಿದುಕೊಳ್ಳೋ ಹಕ್ಕಿಲ್ವಾ?

ಹಾಗಂತ ಇಲ್ಲಿಯ ಬ್ರಿಟಿಷರೇನೂ ಸಾಚಾ ಅಲ್ಲ. ಕೀನ್ಯಾದಂಥ ವಸಾಹತುಗಳಿಂದ ಹೊತ್ತು ತಂದ ಸಾವಿರಾರು ಕಡತಗಳನ್ನು ದಶಕಗಟ್ಟಲೆ ಬಚ್ಚಿಟ್ಟು, 2011ರಲ್ಲಿ ಕೋರ್ಟು ಕೇಸಿನ ಒತ್ತಡಕ್ಕೆ ಒಪ್ಪಿಕೊಂಡವರು ಇವರು. ನಮ್ಮಲ್ಲೂ ಸ್ವಲ್ಪ ಗಾಳಿ ಬದಲಾಗಿದೆ, ಒಪ್ಪಬೇಕು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಅನ್ನೋ ವೆಬ್‌ಸೈಟಿನಲ್ಲಿ ಮನೆಯಿಂದಲೇ ಕಡತ ಹುಡುಕಬಹುದು. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ತೆರೆಯಬೇಕು ಅಂತ ರಕ್ಷಣಾ ಸಚಿವಾಲಯ 2021ರಲ್ಲಿ ನೀತಿ ಮಾಡಿದೆ.

ಇನ್ನೊಂದು ಮಾತು. ಕ್ಯೂನಲ್ಲಿ ನೋಡಿದ ಈ ದಿನಚರಿಗಳನ್ನು ಬರೆದವರು ಅಧಿಕಾರಿಗಳು. ಅದರಲ್ಲಿ ಅಧಿಕಾರಿಗಳಿಗೆ ಹೆಸರುಂಟು, ಸವಾರರು ಬರೀ ಲೆಕ್ಕ. ಮೈಸೂರು ಸರ್ಕಾರದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ, ಆ ಸವಾರರನ್ನು ಹುಡುಕಬೇಕಾದ್ದು ಅಲ್ಲೇ. ಬೆಂಗಳೂರಲ್ಲಿ ಇರೋರು ಯಾರಾದರೂ ಹೋಗಿ ನೋಡ್ತೀರಾ? ಕ್ಯೂನಲ್ಲಿ ತೆಗೆದ ಫೋಟೋಗಳನ್ನೆಲ್ಲ ನಾನು ಕಳಿಸ್ತೇನೆ.